ಮೂವತ್ತೇಳನೆಯ ಪ್ಲೇಟು

ವಿವರಿಸಲಾಗದ ಅನುಭವವೊಂದು ತಮಗಾಯಿತು ಎಂದು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಅವರಿಗೆ ನಿದ್ದೆ ಸಾಲದೆ ಇರಬೇಕು, ಇಲ್ಲವೇ ನೆನಪು ಕೈಕೊಟ್ಟಿರಬೇಕು ಎಂಬುದು ನನ್ನ ತೀರ್ಮಾನವಾಗಿತ್ತು. ರೋಗಾಣುಗಳನ್ನು ಬೆಳೆಸಿ ಗುರುತಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಕಳೆದವಳು ನಾನು. ಇಂಥದ್ದನ್ನು ನಾನೇ ಬರೆಯಬೇಕಾಗಿ ಬಂದಿರುವುದಕ್ಕೆ ಸ್ವಲ್ಪ ಸಂಕೋಚವೂ ಆಗುತ್ತಿದೆ. ಆದರೂ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಸಣ್ಣ ಆಸ್ಪತ್ರೆಯವರು ನನ್ನನ್ನು ಕರೆಸಿದರು. ಅವರ ನವಜಾತ ಶಿಶುಗಳ ಘಟಕದಲ್ಲಿ ಮೂರು ಮಕ್ಕಳ ರಕ್ತದಲ್ಲಿ ಒಂದೇ ಜಾತಿಯ ಶಿಲೀಂಧ್ರ ಕಾಣಿಸಿತ್ತು. ಮೂರೂ ಅವಧಿಗೆ ಮುನ್ನ ಹುಟ್ಟಿದ ಕೂಸುಗಳು. ಒಂದು ಆಗಲೇ ತೀರಿಕೊಂಡಿತ್ತು. ಸೋಂಕು ಆಸ್ಪತ್ರೆಯೊಳಗೇ ಎಲ್ಲಿಂದಲೋ ಬರುತ್ತಿತ್ತು. ಅದು ಎಲ್ಲಿಂದ ಎಂದು ಹುಡುಕುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ನನ್ನ ಟೆಕ್ನಿಷಿಯನ್ ಶ್ರೀಶೈಲನ ಜೊತೆ ಹೋದೆ. ಘಟಕದ ಬಾಗಿಲ ಹೊರಗೆ ದಸ್ತಗೀರ್ ನಿಂತಿದ್ದ. ಲಕಮನಹಳ್ಳಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಮೆಕ್ಯಾನಿಕ್. ಮೂರನೆಯ ಕೂಸು ಅವನ ಮಗಳು. "ಗಾಡಿ ಕೆಟ್ಟರ ಎಲ್ಲಿ ಕೆಟ್ಟೈತಿ ಅಂತ ಸಿಗೂತನಕ ನಾ ಬಿಡಂಗಿಲ್ರಿ ಮೇಡಂ. ನೀವೂ ಬಿಡಬ್ಯಾಡ್ರಿ" ಎಂದ.

ನಲ್ಲಿ, ಸಿಂಕು, ಹಾಲಿನ ಬಟ್ಟಲು, ಬಾಗಿಲ ಹಿಡಿಕೆ, ನರ್ಸ್‌ಗಳ ಕೈ, ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್‌ಗಳು, ಯಾವುದನ್ನೂ ಬಿಡದೆ ಹತ್ತಿಯ ಕಡ್ಡಿಯಿಂದ ಒರೆಸಿ ಮಾದರಿ ತೆಗೆದೆವು. ಒಂದೊಂದನ್ನೂ ರೋಗಾಣು ಬೆಳೆಸುವ ಒಂದೊಂದು ಪ್ಲೇಟಿಗೆ ಸವರಿ, ಮೇಲೆ ನಾನೇ ಸಂಖ್ಯೆ, ಜಾಗ ಬರೆದೆ. ಶ್ರೀಶೈಲ ಅದನ್ನೇ ಪುಸ್ತಕದಲ್ಲಿ ಬರೆದುಕೊಂಡ. ಒಟ್ಟು ಮೂವತ್ತಾರು.

ಮೂರನೆಯ ದಿನ ಪ್ರಯೋಗಾಲಯದ ಇನ್‌ಕ್ಯುಬೇಟರಿನಿಂದ ಪ್ಲೇಟುಗಳನ್ನು ಹೊರತೆಗೆದಾಗ ಮೂವತ್ತಾರರಲ್ಲೂ ನಾವು ಹುಡುಕುತ್ತಿದ್ದುದು ಇರಲಿಲ್ಲ. ಆದರೆ ಇನ್ನೊಂದು ಪ್ಲೇಟು ಉಳಿದಿತ್ತು. ಅದರ ತುಂಬ ಕೆನೆ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಬೆಳೆದಿದ್ದವು. ಮೇಲೆ "37. ಹಳೆಯ ವಾರ್ಮರ್, ಹಾಸಿಗೆಯ ಕೆಳಗೆ" ಎಂದು ಬರೆದಿತ್ತು. ಏಳಕ್ಕೆ ನಾನು ಸಣ್ಣದೊಂದು ಅಡ್ಡಗೆರೆ ಎಳೆಯುತ್ತೇನೆ. ಆ ಗೆರೆಯೂ ಇತ್ತು.

"ಇದನ್ನ ನೀ ಬರದಿಯೇನೋ?" ಎಂದು ಶ್ರೀಶೈಲನನ್ನು ಕೇಳಿದೆ.

"ಅಕ್ಷರ ನಿಮ್ಮವ ಅದಾವಲ್ರಿ ಮೇಡಂ" ಎಂದ ಅವನು, ನನ್ನ ಮುಖ ನೋಡುತ್ತ.

ಘಟಕದ ಹಿರಿಯ ನರ್ಸ್ ಮಹಾದೇವಿ ಸಿಸ್ಟರಿಗೆ ಫೋನು ಮಾಡಿ, ಹಳೆಯ ವಾರ್ಮರ್ ಎಲ್ಲಿದೆ ಎಂದು ಕೇಳಿದೆ. ಅವರು, "ಅದು ಸ್ಟೋರ್ ರೂಮಿನ್ಯಾಗ ಐತ್ರಿ. ನೀವು ಬಂದ ದಿನ ಕೀಲಿ ಹಾಕಿತ್ತು, ಕೀಲಿ ನನ್ನ ಕಡೆನ ಇತ್ತು. ನಿಮಗ ಯಾರು ಹೇಳಿದ್ರು?" ಎಂದರು.

ಯಾರೂ ಹೇಳಿರಲಿಲ್ಲ. ಅಂಥದ್ದೊಂದು ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ಕೂಡಲೇ ಹೋಗಿ ಸ್ಟೋರ್ ತೆಗೆಸಿದೆ. ವಾರ್ಮರಿನ ಹಾಸಿಗೆಯ ರೆಕ್ಸಿನ್ ಕೆಳಭಾಗದಲ್ಲಿ ಹರಿದು, ಒಳಗಿನ ಸ್ಪಂಜು ತೇವ ಕುಡಿದಿತ್ತು. ಹೆರಿಗೆಗಳು ಒಟ್ಟಿಗೆ ಬಂದು ಜಾಗ ಸಾಲದಾದಾಗ ಅದನ್ನು ಹೊರತರುತ್ತಿದ್ದರಂತೆ. ಮೂರೂ ಕೂಸುಗಳು ಮೊದಲ ಕೆಲವು ಗಂಟೆ ಅದರಲ್ಲೇ ಮಲಗಿದ್ದವು. ದಾಖಲೆಯಲ್ಲಿ ಮಾತ್ರ ಆಮೇಲಿನ ಹಾಸಿಗೆಯ ಸಂಖ್ಯೆಯಷ್ಟೇ ಇತ್ತು. ಹೊಸದಾಗಿ ತೆಗೆದ ಮಾದರಿಯಲ್ಲೂ ಅದೇ ಶಿಲೀಂಧ್ರ ಬೆಳೆಯಿತು. ವಾರ್ಮರನ್ನು ತೆಗೆದುಹಾಕಿದ ಮೇಲೆ ಹೊಸ ಸೋಂಕು ಕಾಣಿಸಲಿಲ್ಲ. ದಸ್ತಗೀರನ ಮಗಳು ವಾರಗಟ್ಟಲೆ ಔಷಧಿ ನಡೆದ ಮೇಲೆ ಮನೆಗೆ ಹೋದಳು.

ನಾನು ಸುಮ್ಮನೆ ಕೂರಲಿಲ್ಲ. ಸಾಧ್ಯವಿದ್ದ ದಾರಿಗಳನ್ನೆಲ್ಲ ನೋಡಿದೆ. ಯಾರೋ ನರ್ಸ್ ತಪ್ಪು ಹೊರಗೆ ಬರಲೆಂದು ಗುಟ್ಟಾಗಿ ಮಾದರಿ ಸೇರಿಸಿರಬಹುದು ಎಂದುಕೊಂಡೆ. ಆದರೆ ಬರವಣಿಗೆ ನನ್ನದು. ನಾನೇ ತೆಗೆದು ಮರೆತೆನೆ? ಶ್ರೀಶೈಲ ನನ್ನ ಪಕ್ಕ ಬಿಟ್ಟು ಕದಲಿರಲಿಲ್ಲ, ಸ್ಟೋರಿಗೆ ಬೀಗವಿತ್ತು. ನಲವತ್ತು ಪ್ಲೇಟು ಒಯ್ದಿದ್ದೆವು. ಪುಸ್ತಕದ ಪ್ರಕಾರ ನಾಲ್ಕು ಉಳಿಯಬೇಕು, ಚೀಲದಲ್ಲಿ ಇದ್ದದ್ದು ಮೂರು.

ವರದಿ ಬರೆಯುವಾಗ ಪ್ರತಿ ಮಾದರಿಯ ಎದುರು "ಸಂಗ್ರಹಿಸಿದವರು" ಎಂಬ ಕಾಲಂ ತುಂಬಬೇಕು. ಮೂವತ್ತೇಳರ ಎದುರು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಖಾಲಿ ಬಿಟ್ಟರೆ ವರದಿಯನ್ನು ಯಾರೂ ಒಪ್ಪುವುದಿಲ್ಲ. ಕೊನೆಗೆ ನನ್ನ ಹೆಸರನ್ನೇ ಬರೆದೆ. ನಾನು ಅಲ್ಲಿ ಬರೆದದ್ದು ಸುಳ್ಳೋ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ.