ಬ್ಯಾಂಕಾಕಿನಲ್ಲಿ ಪತ್ರಿ ಗಿಡ ಹುಡುಕಿದ್ದು

ಬಳ್ಳಾರಿಯ ಹೈಸ್ಕೂಲೊಂದರಲ್ಲಿ ನಾನು ಮೂವತ್ತು ವರ್ಷ ಭೂಗೋಳ ಕಲಿಸಿದೆ. ಆಗ್ನೇಯ ಏಷ್ಯಾದ ನಕಾಶೆಯನ್ನು ಗೋಡೆಗೆ ತೂಗುಹಾಕಿ, ಕೋಲಿನ ತುದಿಯಿಂದ ಬ್ಯಾಂಕಾಕ್ ಎಂಬ ಚುಕ್ಕೆಯನ್ನು ಮುಟ್ಟಿ, ಪಕ್ಕದ ನೀಲಿ ಗೆರೆ ಚಾವೊ ಫ್ರಾಯಾ ನದಿ ಎಂದು ಹೇಳಿ ಮುಂದಿನ ರಾಜಧಾನಿಗೆ ಹೋಗಿಬಿಡುತ್ತಿದ್ದೆ. ಆ ಚುಕ್ಕೆಯೊಳಗೂ ಓಣಿಗಳಿರುತ್ತವೆ, ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಅಲ್ಲಿ ಇಳಿದುಕೊಳ್ಳಬೇಕಾಗುತ್ತದೆ ಎಂಬುದು, ನಿವೃತ್ತಿಯಾದ ಮೇಲೆ ನಾನೇ ಹೊರಟಾಗ ಹೊಳೆಯಿತು.

ಜೊತೆಗೆ ಬರಲು ಒಪ್ಪಿದವಳು ಸಿರುಗುಪ್ಪದ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಭತ್ತ ಬೆಳೆಯುವ ಮನೆಯ ಯಜಮಾನಿ. ಕನ್ನಡ, ತೆಲುಗು, ನಮ್ಮ ಕಡೆಯ ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಮಾತಾಡುತ್ತಾಳೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಿಲ್ವದ ಪತ್ರಿ ಏರಿಸಿ ಪೂಜೆ ಮಾಡುವ ತನಕ ಚಹಾ ಕೂಡ ಮುಟ್ಟುವುದಿಲ್ಲ.

ಟಿಕೆಟ್ ಮಾಡಿಸಿದ ಆಫೀಸಿನವರು ಒಂದು ಬಡಾವಣೆಯನ್ನು ಸೂಚಿಸಿದ್ದರು. ತಲೆಯ ಮೇಲೆ ಓಡುವ ರೈಲು, ಕೆಳಗೆ ದೊಡ್ಡ ದೊಡ್ಡ ಮಾಲ್, ಪಕ್ಕದಲ್ಲೇ ರೊಟ್ಟಿ ಪಲ್ಯ ಸಿಗುವ ಹೋಟೆಲು. ಎಲ್ಲವನ್ನೂ ಫೋನಿನಲ್ಲಿ ಗುರುತು ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಸಿರಿಗೇರಿ ಕ್ರಾಸ್ ದಾಟುವ ಹೊತ್ತಿಗೆ ಅಕ್ಕನಿಗೆ ಹೇಳಬೇಕಾದ ಮಾತನ್ನು ಪಾಠದಂತೆ ಜೋಡಿಸಿಟ್ಟುಕೊಂಡಿದ್ದೆ. ಅಕ್ಕ ಪೂರ್ತಿ ಕೇಳಿದಳು. ಕೇಳಿ, "ಅಲ್ಲಿ ಪತ್ರಿ ಸಿಗ್ತೈತೇನು?" ಅಂದಳು.

"ಅಕ್ಕ, ಅದು ಬ್ಯಾಂಕಾಕ್."

"ಬ್ಯಾಂಕಾಕಾದ್ರೇನು, ಗಿಡ ಇರಂಗಿಲ್ಲೇನು? ಬಳ್ಳಾರಿಗೆ ಯಾರರ ಬಂದ್ರ ನೀನು ಎಲ್ಲಿ ಇಳಸ್ತಿ? ಸ್ಟೇಶನ್ ಮುಂದಿನ ಲಾಡ್ಜಿನ್ಯಾಗ ಇಳಸಿದ್ರ ಅವ್ರು ಏನು ಬಳ್ಳಾರಿ ನೋಡಿದಂಗಾತು? ಬ್ರೂಸ್‌ಪೇಟಿ ಓಣ್ಯಾಗ ಇಳಸಿದ್ರ ಮುಂಜಾನಿ ಬಾಗಲಾ ತೆಗದ ಕೂಡ್ಲೇ ಊರು ಕಾಣ್ತೈತಿ."

ಮರುವಾರ ಇಬ್ಬರೂ ಕುರುಗೋಡಿನ ತವರಿಗೆ ಹೋದೆವು. ಹಿತ್ತಿಲ ಪತ್ರಿ ಗಿಡದಿಂದ ಎಂಟು ದಿನಕ್ಕಾಗುವಷ್ಟು ಎಲೆ ಬಿಡಿಸಿಕೊಂಡು ಹೋದರಾಯಿತು ಎಂಬುದು ನಾನು ಕಂಡುಕೊಂಡ ಉಪಾಯ. ಅಕ್ಕ ಒದ್ದೆ ಬಟ್ಟೆಯಲ್ಲಿ ಎಲೆ ಸುತ್ತುತ್ತಿದ್ದಾಗ ತಮ್ಮ ಬಂದು ಕಟ್ಟೆಯ ಮೇಲೆ ಕೂತ.

"ಅಕ್ಕಾ, ಹಸಿ ಎಲಿ ತಗೊಂಡು ಬ್ಯಾರೆ ದೇಶಕ್ಕ ಹೋಗಾಕ ಬಿಡಂಗಿಲ್ಲ. ಇಳದ ಕೂಡ್ಲೇ ಕಸಗೊಂತಾರ. ನಿಮ್ಮನ್ನೂ ಒಂದು ತಾಸು ಕೂಡಸ್ತಾರ."

ಅಕ್ಕ ಎಲೆಗಳನ್ನು ಬಟ್ಟೆಯಿಂದ ಬಿಚ್ಚಿ ತಟ್ಟೆಗೆ ಹಾಕಿದಳು. ನನ್ನ ಕಡೆ ನೋಡಲಿಲ್ಲ. ಎಲೆ ಸಿಗುವ ಓಣಿಯನ್ನು ನಾನೇ ಹುಡುಕಬೇಕು ಎಂದು ಅದರ ಅರ್ಥ.

ಅಂದಿನಿಂದ ನಾನು ಬ್ಯಾಂಕಾಕನ್ನು ಬೇರೆಯೇ ರೀತಿ ಓದತೊಡಗಿದೆ. ರೈಲು, ಮಾಲು ಬಿಟ್ಟು ಹೂವಿನ ಸಂತೆ ಎಲ್ಲಿದೆ, ಹಳೇ ಗುಡಿಗಳು ಎಲ್ಲಿವೆ, ನಮ್ಮ ದೇಶದವರು ಎಲ್ಲಿ ಅಂಗಡಿ ಇಟ್ಟಿದ್ದಾರೆ ಎಂದು ನೋಡಿದೆ. ನದಿಯ ದಂಡೆಯ ಹಳೇ ಊರಿನಲ್ಲಿ ದೊಡ್ಡ ಹೂವಿನ ಮಾರುಕಟ್ಟೆ ಇತ್ತು. ಅದರ ಹತ್ತಿರ ಪಾಹುರಾತ್ ಎಂಬ ಬಟ್ಟೆ ಪೇಟೆ, ಅಲ್ಲಿ ತಲೆತಲಾಂತರದಿಂದ ನೆಲೆಸಿದ ಪಂಜಾಬಿಗಳು. ಇವೆರಡರ ನಡುವಿನ ಓಣಿಯೊಂದರಲ್ಲಿ ಸಣ್ಣ ವಸತಿಗೃಹದ ಕೋಣೆ ಹಿಡಿದೆ. ಅಕ್ಕನ ಪೂಜೆಗಾಗಿ, ಕಿಟಕಿ ಮೂಡಲಿಗೆ ಇದೆಯೇ ಎಂದು ಬರೆದು ಕೇಳಿದ್ದಕ್ಕೆ ಅವರು ಕಿಟಕಿಯ ಫೋಟೋ ಕಳಿಸಿದರು. ಹೊರಗಡೆ ಇನ್ನೊಂದು ಮನೆಯ ಗೋಡೆ ಇತ್ತು, ಗೋಡೆಯ ಮೇಲೆ ಬೆಳಗಿನ ಬಿಸಿಲು ಇತ್ತು. ಅಷ್ಟು ಸಾಕೆನಿಸಿತು.

ಹೋದ ಮೊದಲ ಬೆಳಿಗ್ಗೆ ಹೂವಿನ ಮಾರುಕಟ್ಟೆಗೆ ನಡೆದೆವು. ಅಷ್ಟೊಂದು ಚೆಂಡುಹೂವನ್ನು ಒಂದೇ ಕಡೆ ನಾನು ಎಂದೂ ನೋಡಿರಲಿಲ್ಲ. ತಾವರೆ ಮೊಗ್ಗುಗಳನ್ನು ಸೌದೆಯಂತೆ ಕಟ್ಟಿ ಒಟ್ಟಿದ್ದರು. ಮಲ್ಲಿಗೆ ಮೊಗ್ಗನ್ನು ಉದ್ದನೆಯ ಸೂಜಿಯಲ್ಲಿ ಪೋಣಿಸುತ್ತಿದ್ದ ಹೆಂಗಸಿನ ಕೈಯನ್ನು ಅಕ್ಕ ಬಗ್ಗಿ ನೋಡಿದಳು. ಎರಡು ಸುತ್ತು ಹೊಡೆದರೂ ಪತ್ರಿ ಮಾತ್ರ ಕಾಣಲಿಲ್ಲ.

ಎಲೆಯ ಫೋಟೋ ತರಲು ಮರೆತಿದ್ದೆ. ಫೋನಿಗೆ ಕನ್ನಡದಲ್ಲಿ, "ಪತ್ರಿ ಎಲ್ಲಿ ಸಿಗುತ್ತದೆ?" ಎಂದು ಹೇಳಿ ಥಾಯ್ ಭಾಷೆಗೆ ತಿರುಗಿಸಿ ಆ ಹೆಂಗಸಿಗೆ ಕೇಳಿಸಿದೆ. ಅವಳು ತಲೆಯಾಡಿಸಿ, ಎದ್ದು ಬಂದು, ಎರಡು ತಿರುವು ಕೈಯಲ್ಲೇ ತೋರಿಸಿದಳು. ಬಿಸಿಲಿನಲ್ಲಿ ಕಾಲು ತಾಸು ನಡೆದು ಮುಟ್ಟಿದ್ದು ಅಂಚೆ ಕಚೇರಿ. ಫೋನು ಪತ್ರಿಯನ್ನು ಪತ್ರ ಮಾಡಿತ್ತು.

ಅಕ್ಕ ಅಂಚೆ ಡಬ್ಬಿಯ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಅವತ್ತು ಅವಳು ತಾವರೆಯ ಎಸಳು ಏರಿಸಿ ಪೂಜೆ ಮುಗಿಸಿದಳು.

ಮೂರನೆಯ ದಿನಕ್ಕೆ ನನ್ನ ತಾಳ್ಮೆ ಮುಗಿಯಿತು. ನಾನು ನೋಡಬೇಕೆಂದುಕೊಂಡಿದ್ದ ಅರಮನೆ, ವಸ್ತುಸಂಗ್ರಹಾಲಯ ಎರಡೂ ಹಾಗೆಯೇ ಉಳಿದಿದ್ದವು. ನಾವು ಹೋದಲ್ಲೆಲ್ಲ ಗೋಡೆಗಳ ಆಚೆ ಇಣುಕುತ್ತಿದ್ದೆವು, ಕುಂಡದ ಗಿಡಗಳನ್ನು ಮೂಸುತ್ತಿದ್ದೆವು. ಕೋಣೆಯಲ್ಲಿ ಕೂತು ಹೇಳಿಯೇಬಿಟ್ಟೆ: "ಪತ್ರಿ ಇಲ್ದ ಪೂಜಿ ಆಗಂಗಿಲ್ಲಂದ್ರ ನೀನು ಬರಬಾರದಿತ್ತು."

ಅಕ್ಕ ಸೀರೆ ಮಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಆಗ್ತೈತಿ. ಪತ್ರಿ ಇಲ್ಲಂದ್ರ ನೀರು ಸಾಕು, ನೀರೂ ಇಲ್ಲಂದ್ರ ಬರೇ ಮನಸ್ಸು ಸಾಕು."

"ಮತ್ತ್ಯಾಕ ಇಷ್ಟು ದಿನ ಅಲದಾಡಿಸಿದಿ?"

"ನಂಗ ಆ ಅರಮನಿ ಒಳಗ ಏನು ಕೇಳಬೇಕು ಅಂತ ತಿಳಿಯಂಗಿಲ್ಲ ತಂಗಿ. ನೀನು ಓದೀದಿ, ನಿಂಗ ತಿಳೀತೈತಿ. ನಂಗ ಒಂದು ಏನರ ಹುಡುಕೋದು ಇದ್ರ, ಮಂದೀನ್ನ ನಿಲ್ಲಿಸಿ ಕೇಳಾಕ ಬರ್ತೈತಿ. ಸುಮ್ನ ನಿಂತು ಮನಿ ನೋಡಿದ್ರ ಅವ್ರು ಏನು ತಿಳ್ಕೊಂತಾರ?"

ಸಿಟ್ಟು ಇಳಿಯಿತೆನ್ನಲಾರೆ, ಆದರೆ ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಮಕ್ಕಳನ್ನು ಗುಡ್ಡ, ಕಾಲುವೆ ತೋರಿಸಲು ಕರೆದೊಯ್ಯುವಾಗ ನಾನೇ ಅವರ ಕೈಗೆ ಪ್ರಶ್ನೆ ಬರೆದ ಚೀಟಿ ಕೊಡುತ್ತಿದ್ದೆ. ಅಕ್ಕ ತನ್ನ ಚೀಟಿಯನ್ನು ಊರಿನಿಂದಲೇ ತಂದಿದ್ದಳು.

ಆ ಮಧ್ಯಾಹ್ನ ಅವಳನ್ನು ಪಾಹುರಾತಿಗೆ ನಾನೇ ಕರೆದುಕೊಂಡು ಹೋದೆ. ತಮ್ಮನಿಗೆ ಹೇಳಿ ಎಲೆಯ ಫೋಟೋ ತರಿಸಿಕೊಂಡಿದ್ದೆ. ರೇಶಿಮೆ ಥಾನುಗಳ ನಡುವೆ ಕೂತಿದ್ದ ಮುದುಕ ಸರ್ದಾರರಿಗೆ ಅಕ್ಕ ತನ್ನ ಉರ್ದುವಿನಲ್ಲಿ ಕೇಳಿದಳು. ಅವರು ಕನ್ನಡಕ ಏರಿಸಿ ಫೋಟೋ ನೋಡಿ, ಇದು ಬೇಲ್, ಇಲ್ಲಿಯವರು ಮಾತೂಮ್ ಅನ್ನುತ್ತಾರೆ, ಎಲೆಯ ಸುದ್ದಿ ನನಗೆ ಗೊತ್ತಿಲ್ಲ, ಆದರೆ ಅದರ ಕಾಯಿಯ ಪಾನಕ ಮೂಲೆಯಲ್ಲೇ ಮಾರುತ್ತಾರೆ ಅಂದರು.

ಮೂಲೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸು ಗಾಜಿನ ಜಾಡಿಗಳನ್ನಿಟ್ಟುಕೊಂಡು ಕೂತಿದ್ದಳು. ಕೆಂಪು ಬೆರೆತ ಕಂದು ಬಣ್ಣದ ಪಾನಕವನ್ನು ಎರಡು ಲೋಟಕ್ಕೆ ಸುರಿದುಕೊಟ್ಟಳು. ಅಕ್ಕ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಪತ್ರಿಕಾಯಿ. ಹೊಟ್ಟಿ ಕೆಟ್ರ ಅವ್ವ ಕುಡಸ್ತಿದ್ಲಲ್ಲ, ಅದು. ಇವ್ರು ಸಕ್ಕರಿ ಜಾಸ್ತಿ ಹಾಕ್ಯಾರ."

ಫೋಟೋ ತೋರಿಸಿ, ಸರ್ದಾರರು ಹೇಳಿಕೊಟ್ಟ ಹೆಸರನ್ನು ಉಚ್ಚರಿಸಿ, ಎಲೆ ಬೇಕೆಂದು ಕೈಸನ್ನೆ ಮಾಡಿದೆವು. ಅವಳಿಗೆ ಎಲೆ ಯಾಕೆಂದು ತಿಳಿಯಲಿಲ್ಲ. ಅಕ್ಕ ಸೆರಗಿನ ಮರೆಯಿಂದ ಕೊರಳಲ್ಲಿದ್ದ ಲಿಂಗದ ಕರಡಿಗೆ ತೆಗೆದು, ಅಂಗೈ ಚಾಚಿ, ಮೇಲೆ ಎಲೆ ಇಡುವಂತೆ ತೋರಿಸಿದಳು. ಹೆಂಗಸು ತಕ್ಷಣ ಎರಡೂ ಕೈ ಜೋಡಿಸಿದಳು. ಆಮೇಲೆ ನದಿಯ ಕಡೆ ಬೆರಳು ಮಾಡಿ, ತನ್ನ ಎದೆ ಮುಟ್ಟಿಕೊಂಡಳು. ಅವಳ ಮನೆ ಆಚೆ ದಡದಲ್ಲಿತ್ತು.

ಸಂಜೆಯಾಗುವ ಮುಂಚೆಯೇ ಅವಳು ಅಂಗಡಿ ಮುಚ್ಚಿದಾಗ ಅವಳ ಹಿಂದೆಯೇ ದೋಣಿ ಹತ್ತಿದೆವು. ನಾನು ಕೋಲಿನಿಂದ ಮುಟ್ಟುತ್ತಿದ್ದ ನೀಲಿ ಗೆರೆ ಹತ್ತಿರದಿಂದ ಕಂದು ಬಣ್ಣದ್ದಾಗಿತ್ತು, ಮೇಲೆ ಜೊಂಡಿನ ಗುಂಪುಗಳು ತೇಲಿ ಹೋಗುತ್ತಿದ್ದವು. ಆಚೆ ದಡದಲ್ಲಿ ದೊಡ್ಡ ಬೌದ್ಧ ಗುಡಿ, ಅದರ ಬೆನ್ನಿಗೆ ಸ್ಕೂಟರ್ ಮಾತ್ರ ಹಿಡಿಸುವಂಥ ಓಣಿಗಳು, ಓಣಿಯ ಕೊನೆಗೆ ಒಂದು ಕಾಲುವೆ. ಕಾಲುವೆಯ ದಂಡೆಯಲ್ಲಿ, ಅವಳ ಮನೆಯ ತಗಡಿನ ಮಾಡಿಗೆ ಒರಗಿಕೊಂಡು ಪತ್ರಿ ಗಿಡ ನಿಂತಿತ್ತು. ಕಾಯಿಗಳು ನಮ್ಮ ಕುರುಗೋಡಿನವಕ್ಕಿಂತ ದೊಡ್ಡವು. ಅಕ್ಕ ಮೂರು ದಳದ ಎಲೆ ಒಂದನ್ನು ಬೆರಳಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ತೂತು ಇಲ್ಲವೆಂದು ನೋಡಿ, ಆಮೇಲೆ ನನ್ನ ಕೈಗೆ ಕೊಟ್ಟಳು. "ಇದ ಐತಿ" ಅಂದಳು.

ಪಕ್ಕದ ಮನೆಯ ಮೇಲಿನ ಕೋಣೆ ಬಾಡಿಗೆಗೆ ಇದೆ ಎಂಬ ಬೋರ್ಡು ಕಂಡದ್ದು ನನಗೆ. ಕೇಳಿದ್ದೂ ನಾನೇ. ಮರುದಿನ ಬೆಳಿಗ್ಗೆ ಚೀಲಗಳನ್ನು ಎತ್ತಿಕೊಂಡು ನದಿ ದಾಟಿ ಬಂದೆವು. ತಿಂಗಳುಗಟ್ಟಲೆ ನಾನು ನಕಾಶೆ ನೋಡಿದ್ದರೂ ಈ ಓಣಿ ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅಲ್ಲಿ ಉಳಿದ ನಾಲ್ಕು ದಿನ ನಮಗೆ ಕೆಲಸಕ್ಕೆ ಕೊರತೆಯಾಗಲಿಲ್ಲ. ಬೆಳಿಗ್ಗೆ ಭಿಕ್ಷುಗಳು ಬರಿಗಾಲಲ್ಲಿ ಬಂದಾಗ ಓಣಿಯ ಹೆಂಗಸರು ಅನ್ನ ಹಾಕುವುದನ್ನು ಅಕ್ಕ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ನಮ್ಮ ಜಂಗಮರು ಜೋಳಿಗೆ ಹಿಡಿದು ಮನೆಮನೆಗೆ ಕಂತಿಭಿಕ್ಷೆಗೆ ಬರುವ ಬಗೆಯನ್ನು ಪಾನಕದ ಹೆಂಗಸಿಗೆ ಅಭಿನಯಿಸಿ ತೋರಿಸಿದಳು. ಒಂದು ಮಧ್ಯಾಹ್ನ ಕಾಲುವೆಯಲ್ಲಿ ಆಳುದ್ದದ ಉಡವೊಂದು ಈಜಿಕೊಂಡು ಬಂದು ಮೆಟ್ಟಿಲ ಮೇಲೆ ಬಿಸಿಲಿಗೆ ಮಲಗಿತು. ನಾವಿಬ್ಬರೂ ಎದ್ದು ಓಡಿದೆವು. ಬಟ್ಟೆ ಒಣಹಾಕುತ್ತಿದ್ದ ಮನೆಯೊಡತಿ ಅದನ್ನು ದಾಟಿಕೊಂಡೇ ಹೋದಳು. ನಾನು ಒಬ್ಬಳೇ ಹೋಗಿ ಅರಮನೆಯನ್ನೂ ನೋಡಿಬಂದೆ. ಬಂದ ಮೇಲೆ ಅಕ್ಕ ಅದರ ಬಗ್ಗೆ ಒಂದು ತಾಸು ಕೇಳಿದಳು, ಅಡುಗೆಮನೆ ಎಲ್ಲಿತ್ತು ಎಂಬುದನ್ನು ಮಾತ್ರ ನಾನು ನೋಡಿಯೇ ಇರಲಿಲ್ಲ.

ಕೊನೆಯ ಸಂಜೆ ಅಕ್ಕ, "ಈ ಕಾಲುವಿ ಎಲ್ಲಿಗೆ ಹೋಗ್ತೈತಿ, ಕೇಳು" ಅಂದಳು. ಫೋನಿನಲ್ಲಿ ಕೇಳಿದೆ. ಪಾನಕದ ಹೆಂಗಸಿನ ಉತ್ತರವನ್ನು ಫೋನು ಕನ್ನಡದಲ್ಲಿ ಓದಿತು: "ನನ್ನ ತಂಗಿಯ ಮನೆಗೆ."

ನಮ್ಮ ವಿಮಾನ ಇದ್ದದ್ದು ಮರುದಿನ ಸಂಜೆಗೆ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಮೂವರೂ ದೋಣಿಯಲ್ಲಿ ಕೂತು, ಆ ತಂಗಿಯ ಮನೆಗೆ ಹೋಗಿ, ಬಾಳೆಹಣ್ಣು ತಿಂದು ಬಂದೆವು.