ಕುಬಸದ ದಿನ ಸೊಸೆಯ ಕೂದಲು

ಗೆಳತಿಯರೇ, ಇಂದು ಸೊಸೆಯ ಕುಬಸ, ಅಂದರೆ ಸೀಮಂತ. ತನ್ನ ತೆಳು ಕೂದಲನ್ನು ಬೆಳಿಗ್ಗೆ ಡ್ರೈಯರ್ ಹಿಡಿದು ಉಬ್ಬಿಸಿಕೊಂಡು ಕುಳಿತಿದ್ದಳು. "ಬಸುರಿ ಒಣ ತಲೀಲೆ ಮಣಿ ಮ್ಯಾಲ ಕುಂಡ್ರಬಾರದು" ಎಂದು ನಾನು ಅಂಗೈ ತುಂಬ ಎಣ್ಣೆ ಹಚ್ಚಿಬಿಟ್ಟೆ. ಕೂದಲೆಲ್ಲ ನೆತ್ತಿಗೆ ಅಂಟಿತು.

"ಅತ್ತಿ, ಎಲ್ಲಾರೂ ನನ್ನ ಬುರುಡಿ ನೋಡ್ತಾರ್ರಿ" ಎಂದು ಅತ್ತಳು.

ನನ್ನಿಂದ ನೋಡಲಾಗಲಿಲ್ಲ. ಕಡಲೆಹಿಟ್ಟು ಹಚ್ಚಿ ತಲೆ ತೊಳೆದೆ. ಕುರ್ಚಿಯಲ್ಲಿ ಒರಗಿಸಿ, ಅದೇ ಡ್ರೈಯರ್ ಹಿಡಿದು, ಬೆರಳಿನಿಂದ ಬುಡ ಎತ್ತೆತ್ತಿ ಒಣಗಿಸಿದೆ.

ಹೊರಗಿನಿಂದ ನಾದಿನಿ ಕೂಗಿದಳು, "ವೈನಿ, ಆರತಿ ಹೊತ್ತಾತು."

"ನನ್ನ ಸೊಸಿ ತಲಿ ಇನ್ನಾ ಆರಿಲ್ಲ, ಸುಮ್ನ ಕುಂಡ್ರ ಬೇ."

ಆರತಿಯ ಹೊತ್ತಿಗೆ ಅಂಕಲಿಯಿಂದ ಬಂದಿದ್ದ ಅವಳ ತಾಯಿ ಮಗಳ ತುಂಬಿದ ತಲೆ ಸವರಿ, "ನಿಮ್ಮ ಮನಿ ನೀರ ನಮ್ಮ ಹುಡುಗಿಗೆ ಹಿಡಸೇತ್ರಿ ಬೀಗರ" ಎಂದರು. ಸೊಸೆ ನನ್ನ ಕೈ ಒತ್ತಿದಳು. ನಮ್ಮ ಬೋರ್‌ವೆಲ್‌ಗೆ ಇಂಥ ಹೊಗಳಿಕೆ ಎಂದೂ ಬಂದಿರಲಿಲ್ಲ.