ಬಿಸ್ಕತ್ತು ಡಬ್ಬದ ಶ್ರುತಿ

ಮೊನ್ನೆ ಮಾರೇನಹಳ್ಳಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ಅಂಗಡಿಯವನು ಒಳಗಿನ ತಂತಿಗೆ ಬೆಸುಗೆ ಹಾಕಿದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಮ್ಮ ಗಂಗಾಧರ ಚಿಕ್ಕಪ್ಪ ನೆನಪಾಗಿಬಿಟ್ಟ. ಏಕವಚನಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ. ನನಗಿಂತ ಐದಾರು ವರ್ಷ ದೊಡ್ಡವನು, ಅಷ್ಟೆ. ಬಹುವಚನದಲ್ಲಿ ಕರೆದರೆ ಹಿಂದೆ ಯಾರು ಬಂದರೆಂದು ತಿರುಗಿ ನೋಡುತ್ತಿದ್ದ.

ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ ಅವನು ಮದುವೆ ಆರ್ಕೆಸ್ಟ್ರಾದ ಡ್ರಮ್ಮರ್. ಬರೀ ಡ್ರಮ್ಮರ್ ಅಲ್ಲ, ಪ್ರಯೋಗಶೀಲ. "ತಾಳ ಎಲ್ರೂ ಹಾಕ್ತಾರೆ ಕಣೋ, ಎರಡು ಪೆಟ್ಟಿನ ಮಧ್ಯ ಖಾಲಿ ಜಾಗ ಇರುತ್ತಲ್ಲ, ಅದನ್ನ ಯಾರು ನೋಡ್ತಾರೆ?" ಎನ್ನುತ್ತಿದ್ದ. ಆ ಜಾಗಕ್ಕೆ ಸೀಮೆಎಣ್ಣೆ ಡಬ್ಬ, ಸೈಕಲ್ ಬೆಲ್, ಕಡಲೆಬೀಜ ಹಾಕಿದ ಟಿಫನ್ ಕ್ಯಾರಿಯರ್ ಎಲ್ಲವನ್ನೂ ತುಂಬಿಸಿದ. ಒಂದು ಆರತಕ್ಷತೆಯಲ್ಲಂತೂ ಪ್ರೇಮಗೀತೆಯ ನಡುವೆ ತೆಂಗಿನಕಾಯಿ ಒಡೆದ. ಹಾಡುವವನು ಬೆಚ್ಚಿ ಸಾಲು ಮರೆತ. ಮಂಗಳಾರತಿಯೆಂದುಕೊಂಡು ಮದುಮಗಳ ಅಜ್ಜಿ ಎದ್ದು ಕೈಮುಗಿದರು. "ಗುರು, ನೀನು ತುಂಬಾ ದೊಡ್ಡ ಕಲಾವಿದ. ನಾಳೆಯಿಂದ ಬರಬೇಡ" ಎಂದ ಆರ್ಕೆಸ್ಟ್ರಾ ಮಾಲೀಕ.

ಡ್ರಮ್ಮು ಮಾಲೀಕನದು, ಅದೂ ಹೋಯಿತು. ಆಗ ಚಿಕ್ಕಪ್ಪ ವಿದ್ಯುತ್ ಸಂಗೀತಕ್ಕೆ ತಿರುಗಿದ. ಗುಜರಿಯಿಂದ ಕೆಟ್ಟ ರೇಡಿಯೋಗಳನ್ನು ತಂದು, ಅವುಗಳ ಹೊಟ್ಟೆ ಬಗೆದು, ದೊಡ್ಡದೊಂದು ಬಿಸ್ಕತ್ತು ಡಬ್ಬದೊಳಗೆ ಏನೇನೋ ಬೆಸೆದ. ಪ್ಲಗ್ ಹಾಕಿದರೆ ಡಬ್ಬ 'ಗುಂ' ಎನ್ನುತ್ತಿತ್ತು. ತಿರುಪು ತಿರುಗಿಸಿದರೆ ಇನ್ನೊಂದು ಸ್ವರದಲ್ಲಿ 'ಗುಂ'. ಅಷ್ಟಕ್ಕೇ ಅವನ ಕಣ್ಣಲ್ಲಿ ನೀರು. ಬ್ಯಾಟರಿ ಹಾಕಬಾರದೇ ಎಂದು ಕೇಳಿದೆ. "ಬ್ಯಾಟರಿ ಹಾಕಿದ್ರೆ ಆಟದ ಸಾಮಾನು ಕಣೋ. ಪ್ಲಗ್ ಇದ್ರೇನೇ ವಾದ್ಯ" ಎಂದ. ನಾನಾಗ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ, ಹೌದೌದು ಎಂದು ತಲೆಯಾಡಿಸಿದೆ. ನನ್ನ ಮಾರ್ಕ್ಸೂ ಹಾಗೇ ಇದ್ದವು.

ನಮ್ಮ ಮನೆಯ ಯಜಮಾನಿಕೆ ನೀಲತ್ತೆಯದು. ಚಿಕ್ಕಪ್ಪನಿಗೆ ಅಕ್ಕ, ನನಗೆ ಸೋದರತ್ತೆ. ವಚನ ಹಾಡುವುದರಲ್ಲಿ ನಮ್ಮ ಬ್ಲಾಕಿಗೇ ಹೆಸರಾದವರು. ದಿನವಿಡೀ ಗುಂ ಕೇಳಿ ತಲೆ ಕೆಟ್ಟು, ಡಬ್ಬ ಗುಜರಿಗೆ ಎಂದು ತೀರ್ಪು ಕೊಟ್ಟೂಬಿಟ್ಟಿದ್ದರು. ಅಷ್ಟರಲ್ಲಿ, ಬಸವ ಜಯಂತಿಗೆ ಒಂದು ದಿನವಿದೆ ಎನ್ನುವಾಗ, ಅತ್ತೆಯ ಶ್ರುತಿಪೆಟ್ಟಿಗೆಯನ್ನು ಇಲಿ ಕಡಿದುಹಾಕಿತು. ಪೆಂಡಾಲಿನಲ್ಲಿ ಹಾಡಬೇಕು, ಶ್ರುತಿಯಿಲ್ಲದೆ ಅವರು ಬಾಯಿ ತೆರೆಯುವವರಲ್ಲ. ಚಿಕ್ಕಪ್ಪ ಮೆಲ್ಲಗೆ ಡಬ್ಬ ಮುಂದಿಟ್ಟ.

"ಇದೊಂದ್ಸಲ ನೋಡ್ತೀನಿ ಗಂಗ" ಎಂದರು ಅತ್ತೆ. "ಸರಿಯಾಗಿ ನಡೆದ್ರೆ ಡಬ್ಬ ಮನೇಲಿರ್ಲಿ. ಮಾನ ಕಳೆದ್ಯೋ, ಗುಜರಿಯವನನ್ನ ನಾನೇ ಕೂಗ್ತೀನಿ. ಮತ್ತೆ, ಬಿಸ್ಕತ್ ಡಬ್ಬ ಪಕ್ಕದಲ್ಲಿಟ್ಕೊಂಡು ನಾನು ಕೂರಲ್ಲ. ಪರದೆ ಹಿಂದೆ ಇಡು."

ಮಾರನೆಯ ದಿನ ಪರದೆಯ ಹಿಂದೆ ಡಬ್ಬ, ಚಿಕ್ಕಪ್ಪ, ಮತ್ತು ಪ್ಲಗ್ ಕಾಯಲು ನಾನು. ಮೊದಲ ವಚನ ಬಂಗಾರ. ಅಷ್ಟರಲ್ಲಿ ಕತ್ತಲಾಗಿ ಬೀದಿಯ ಮನೆಗಳಲ್ಲೆಲ್ಲ ದೀಪ ಹತ್ತಿದವು, ಪಕ್ಕದ ಹಿಟ್ಟಿನ ಗಿರಣಿಯೂ ಶುರುವಾಯಿತು. ವೋಲ್ಟೇಜ್ ಇಳಿಯಿತು. ಅದರ ಜೊತೆಗೆ ಡಬ್ಬದ ಶ್ರುತಿಯೂ ಇಳಿಯತೊಡಗಿತು. ಶ್ರುತಿ ಬಿಡದ ಅತ್ತೆ ಅದರ ಹಿಂದೆಯೇ ಇಳಿದರು. ತಬಲದವರು ಸುತ್ತಿಗೆ ಹಿಡಿದು ತಬಲ ಇಳಿಸಿ ಇಳಿಸಿ ಸುಸ್ತಾದರು. ನಾಲ್ಕನೆಯ ವಚನದ ಹೊತ್ತಿಗೆ ಅತ್ತೆಯ ದನಿ ನಮ್ಮ ತಾತನ ದನಿಯಾಗಿತ್ತು. ಇದ್ದಕ್ಕಿದ್ದಂತೆ ಗಿರಣಿ ನಿಂತಿತು. ಶ್ರುತಿ ಚಂಗನೆ ಮೇಲಕ್ಕೆ ನೆಗೆಯಿತು, ಅತ್ತೆಯೂ ನೆಗೆದರು. ಮುಂದಿನ ಸಾಲಿನಲ್ಲಿ ಮಲಗಿದ್ದ ಕೂಸು ಎದ್ದು ಅಳತೊಡಗಿತು.

ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ. "ಡಬ್ಬ ಹಾಳಾಗ್ಲಿ, ಅಕ್ಕನ ಮಾನ ಹೋಗ್ತಿದೆ ಕಣೋ" ಎಂದವನೇ ಪ್ಲಗ್ ಕಿತ್ತ. ಕಿತ್ತು, ಕಣ್ಣು ಮುಚ್ಚಿ, ಮೊದಲ ವಚನದ ಶ್ರುತಿಯನ್ನು ಬಾಯಲ್ಲೇ 'ಗುಂ' ಎಂದು ಹಿಡಿದ. ಉಸಿರು ತೀರುತ್ತಲೇ ನನ್ನ ತೊಡೆ ಚಿವುಟಿದ. ನಾನೂ ಕಣ್ಣು ಮುಚ್ಚಿ ಹಿಡಿದೆ. ನನ್ನ ಉಸಿರು ತೀರಿದಾಗ ನಾನು ಅವನನ್ನು ಚಿವುಟಿದೆ. ಜೀವಮಾನದಲ್ಲಿ ಒಂದು ತಾಳವನ್ನೂ ನೆಟ್ಟಗೆ ಬಿಡದವನು ಅಂದು ಒಂದೇ ಸ್ವರಕ್ಕೆ ಗಂಟುಬಿದ್ದ. ಅತ್ತೆ ಎಷ್ಟು ಚೆನ್ನಾಗಿ ಹಾಡಿದರೆಂದರೆ ಕೂಸು ಕೂಡ ಸುಮ್ಮನಾಯಿತು.

ಕೊನೆಯ ವಚನದಲ್ಲಿ ಇಡೀ ಬಡಾವಣೆಯ ಕರೆಂಟ್ ಹೋಯಿತು. ದೀಪ ಆರಿತು, ಮೈಕ್ ಸತ್ತಿತು. ನಾವಿಬ್ಬರೂ ಕಣ್ಣು ಮುಚ್ಚಿಕೊಂಡಿದ್ದೆವಲ್ಲ, ನಮಗೇನು ಗೊತ್ತು? ಊರೆಲ್ಲ ಕತ್ತಲಾದರೂ ಚಿಕ್ಕಪ್ಪನ ವಿದ್ಯುತ್ ವಾದ್ಯ ಮಾತ್ರ ಗುಂ ಎನ್ನುತ್ತಲೇ ಇತ್ತು. ಅತ್ತೆ ಹಿಂದೆ ತಿರುಗಲಿಲ್ಲ, ಹಾಡು ಮುಗಿಸಿಯೇ ಎದ್ದರು. ಚಪ್ಪಾಳೆಗೆ ಕಣ್ಣು ಬಿಟ್ಟ ಚಿಕ್ಕಪ್ಪ ಸುತ್ತಲ ಕತ್ತಲು ನೋಡಿ, "ಮುಗೀತು ನಮ್ಮ ಕಥೆ" ಎಂದ.

ಮನೆಯಲ್ಲಿ ಬುಡ್ಡಿದೀಪದ ಬೆಳಕಲ್ಲಿ ಊಟಕ್ಕೆ ಕೂತೆವು. "ಗಂಗ, ಕರೆಂಟ್ ಹೋದ್ಮೇಲೂ ನಡೀತಲ್ಲೋ ನಿನ್ನ ಡಬ್ಬ" ಎಂದರು ಅತ್ತೆ. "ಮನೇಲೇ ಇರ್ಲಿ ಬಿಡು. ಅಂಥ ಡಬ್ಬ ಇನ್ಯಾರ ಮನೇಲಿದೆ?" ಎಂದು ಅವನಿಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದರು. ಹೋಳಿಗೆ ಬಾಯಲ್ಲಿಟ್ಟುಕೊಂಡೇ ಚಿಕ್ಕಪ್ಪ ಅತ್ತುಬಿಟ್ಟ. ಆಮೇಲೆ ವರ್ಷ ವರ್ಷವೂ ಕರಪತ್ರದಲ್ಲಿ 'ವಿದ್ಯುತ್ ಶ್ರುತಿ: ಗಂಗಾಧರ' ಎಂದು ಅಚ್ಚಾಗುತ್ತಿತ್ತು. ಪರದೆಯ ಹಿಂದೆ ನಾವಿಬ್ಬರೂ ಹೋಗಿ ಕೂರುತ್ತಿದ್ದೆವು. ಅಕ್ಕ, ತಮ್ಮ ಇಬ್ಬರೂ ಈಗಿಲ್ಲ.

ಇಷ್ಟೆಲ್ಲ ನೆನೆಯುತ್ತ ಕೂತಿದ್ದಾಗ ಅಂಗಡಿಯವನು ಮಿಕ್ಸಿಗೆ ಕಿವಿಯಿಟ್ಟು, "ಏನ್ ಸಾರ್ ಇದು, ಇನ್ನೂ ಪ್ಲಗ್ಗೇ ಹಾಕಿಲ್ಲ, ಆಗ್ಲೇ ಗುಂ ಅಂತಿದೆ" ಎಂದ. ನನಗೆ ಉಸಿರು ತೀರುತ್ತ ಬಂದಿತ್ತು. ಚಿವುಟಲು ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಪಕ್ಕದ ಸ್ಟೂಲಿನಲ್ಲಿ ಯಾರೂ ಇರಲಿಲ್ಲ.

"ನಿಂತೋಯ್ತಲ್ಲ ಸಾರ್" ಎಂದ ಅಂಗಡಿಯವನು.